ಲೆಕ್ಕ ತಪ್ಪೆಂದು ಗೊತ್ತಿದ್ದೂ ‘ಸರಿ’ ಎಂದೆ. ಈ ಯುಗಾದಿಗೆ ಗೆಳೆಯನ ಮನೆಗೆ ಹೋಗಲೇ?

ಪ್ರಶ್ನೆ: ಮಂಡ್ಯದವನು, ವಯಸ್ಸು 43, ಮೈಸೂರಿನಲ್ಲಿ ಬ್ಯಾಂಕ್ ಉದ್ಯೋಗ. ಹೈಸ್ಕೂಲಿನಿಂದ ಜೊತೆಗಿರುವ ಗೆಳೆಯನೊಬ್ಬ ಎರಡು ವರ್ಷದ ಹಿಂದೆ ಆಲೆಮನೆಯೊಂದನ್ನು ಗುತ್ತಿಗೆಗೆ ಹಿಡಿಯುವ ಮುನ್ನ ಖರ್ಚಿನ ಲೆಕ್ಕವನ್ನು ನನಗೆ ತೋರಿಸಿದ್ದ. ಕೂಲಿಯನ್ನೂ ಬಡ್ಡಿಯನ್ನೂ ಕಡಿಮೆ ಹಿಡಿದಿದ್ದಾನೆಂದು ನೋಡಿದ ಕೂಡಲೇ ತಿಳಿಯಿತು. ಅವನ ಹುಮ್ಮಸ್ಸು ಮುರಿಯಲು ಮನಸ್ಸಾಗದೆ ‘ಆಯ್ತದೆ ಬುಡ್ಲಾ’ ಎಂದುಬಿಟ್ಟೆ. ಅವನು ಒಂದೇ ಹಂಗಾಮಿಗೆ ಕೈಸುಟ್ಟುಕೊಂಡ. ಸಾಲ ಇನ್ನೂ ತೀರಿಲ್ಲ. ನನ್ನನ್ನು ಮಾತ್ರ ಒಂದು ಮಾತೂ ಅಂದಿಲ್ಲ. ಈಚೆಗೆ ಬೈಲುಕುಪ್ಪೆಗೆ ಹೋಗಿ ಬಂದ ಮೇಲೆ ಓದಿದ ಬುದ್ಧೋಪದೇಶದಲ್ಲಿ ‘ಮಿತ್ರನ ವೇಷದ ಶತ್ರು’ಗಳ ಪಟ್ಟಿ ಕಂಡು ನಿದ್ದೆಗೆಟ್ಟಿದ್ದೇನೆ. ಪ್ರತಿ ಯುಗಾದಿಗೂ ಅವನ ಮನೆಯಲ್ಲಿಯೇ ಬೇವು-ಬೆಲ್ಲ. ಈ ಸಲ ಯಾವ ಮುಖ ಹೊತ್ತು ಹೋಗಲಿ?

ಉತ್ತರ: ನೀವು ಓದಿದ ಪಟ್ಟಿ, ಬುದ್ಧನ ದೀರ್ಘ ಉಪದೇಶಗಳ ಪಾಲಿ ಸಂಗ್ರಹವಾದ ದೀಘನಿಕಾಯದ ‘ಸಿಗಾಲೋವಾದ ಸುತ್ತ’ದ್ದು (ಸುತ್ತ ಎಂದರೆ ಉಪದೇಶ). ಒದ್ದೆ ಬಟ್ಟೆಯಲ್ಲಿ ನಿಂತು ಆರು ದಿಕ್ಕಿಗೂ ಕೈಮುಗಿಯುತ್ತಿದ್ದ ರಾಜಗೃಹದ ಗೃಹಸ್ಥನೊಬ್ಬನ ಮಗನಿಗೆ ಬುದ್ಧ ಹೇಳಿದ ಮಾತು ಅದು. ಆದ್ದರಿಂದ ಸಂಸಾರಸ್ಥರಾದ ನಮಗೆ ನೇರವಾಗಿ ತಾಗುತ್ತದೆ. ಬರೀ ಬಾಚಿಕೊಳ್ಳುವವನು, ಬಾಯಿಮಾತಿನವನು, ಮೆಚ್ಚುಮಾತಿನವನು, ಹಾಳಾಗುವುದಕ್ಕೆ ಜೊತೆಗೊಡುವವನು ಎಂಬ ನಾಲ್ವರಲ್ಲಿ ಮೂರನೆಯವನು ಕೆಟ್ಟದ್ದಕ್ಕೂ ಹೂಂಗುಟ್ಟುತ್ತಾನೆ, ಒಳ್ಳೆಯದಕ್ಕೂ ಹೂಂಗುಟ್ಟುತ್ತಾನೆ. ಆ ದಿನದ ಮಟ್ಟಿಗೆ ನೀವು ಅವನೇ ಆಗಿದ್ದಿರಿ. ಇದನ್ನು ಮೆತ್ತಗೆ ಮಾಡಿ ಹೇಳಿದರೆ ನಾನೂ ಅದೇ ಪಟ್ಟಿಗೆ ಸೇರುತ್ತೇನೆ. ಆದರೆ ನಮ್ಮಲ್ಲಿ ಹೆಚ್ಚಿನವರು ಇಂಥ ಪಟ್ಟಿಯನ್ನು ಓದುವಾಗ ಭಾವಮೈದುನನ ಹೆಸರನ್ನೋ ಪಕ್ಕದ ಮನೆಯವರ ಹೆಸರನ್ನೋ ಹೊಂದಿಸಿ ನೋಡುತ್ತೇವೆಯೇ ಹೊರತು, ನಿಮ್ಮಂತೆ ಸ್ವಂತ ಹೆಸರನ್ನು ಹಾಕಿಕೊಳ್ಳುವುದಿಲ್ಲ.

ನನಗೆ ಕಳವಳವಾದದ್ದು ನಿಮ್ಮ ನಿದ್ದೆಗೇಡಿನ ವಿಷಯ. ಬೌದ್ಧರು ಮನಸ್ಸಿಗೆ ಅಡ್ಡಬರುವ ಐದು ನೀವರಣಗಳನ್ನು ಎಣಿಸುವಾಗ, ಕಾಮ ಮತ್ತು ದ್ವೇಷಗಳ ಸಾಲಿನಲ್ಲಿಯೇ ‘ಕುಕ್ಕುಚ್ಚ’ವನ್ನೂ, ಎಂದರೆ ಮಾಡಿದ್ದನ್ನೂ ಮಾಡದೆ ಬಿಟ್ಟದ್ದನ್ನೂ ಮತ್ತೆ ಮತ್ತೆ ಕೆದಕಿ ಕೊರಗುವುದನ್ನೂ ಸೇರಿಸುತ್ತಾರೆ. ಗಾಳಿಗೆ ಅಲೆಯೆದ್ದ ಬೋಗುಣಿಯ ನೀರಿನಲ್ಲಿ ಮುಖ ಕಾಣದು ಎಂಬುದು ಅದಕ್ಕೆ ಕೊಟ್ಟಿರುವ ಹೋಲಿಕೆ. ಆತ್ಮಪರೀಕ್ಷೆಗೆ ಕೊಟ್ಟಿರುವ ಹೋಲಿಕೆ ಕನ್ನಡಿ: ಕನ್ನಡಿ ಇರುವುದು ಯಾತಕ್ಕೆ ಎಂದು ಮಗ ರಾಹುಲನನ್ನು ಕೇಳಿ, ಪ್ರತಿಯೊಂದು ಕೆಲಸವನ್ನೂ ಮಾತನ್ನೂ ಆಲೋಚನೆಯನ್ನೂ ಮೊದಲು, ನಡುವೆ, ಆಮೇಲೆ ಹೀಗೆ ಮೂರು ಸಲ ನೋಡಿಕೊಳ್ಳಬೇಕೆಂದು ಬುದ್ಧ ಹೇಳುತ್ತಾನೆ. ಆಡಿದ ಮಾತಿನಿಂದ ಕೇಡಾಯಿತೆಂದು ಕಂಡರೆ ಅದನ್ನು ಗುರುವಿನ ಅಥವಾ ವಿವೇಕಿಗಳಾದ ಸಹಚರರ ಮುಂದೆ ಬಿಚ್ಚಿಟ್ಟು, ಮುಂದೆ ಎಚ್ಚರದಿಂದಿರಬೇಕು ಎಂಬಲ್ಲಿಗೆ ಆ ಉಪದೇಶ ಮುಟ್ಟುತ್ತದೆ. ರಾತ್ರಿಯೆಲ್ಲ ಹೊರಳಾಡಬೇಕೆಂದು ಎಲ್ಲಿಯೂ ಇಲ್ಲ. ನೀವು ಇದನ್ನು ನನಗೆ ಬರೆದಿದ್ದೀರಿ. ಕೇಳಬೇಕಾದವನು ಇನ್ನೂ ಕೇಳಿಲ್ಲ.

ಹಬ್ಬದ ದಿನವೇ ಹೇಳಲು ಹೋಗಬೇಡಿ. ಅವರ ಮನೆಯವರ ಎದುರು, ಒಬ್ಬಟ್ಟಿನ ಎಲೆಯ ಮುಂದೆ ಹೇಳಿದರೆ ಅವನಿಗೆ ‘ಹೋಗ್ಲಿ ಬುಡು’ ಎನ್ನದೆ ಬೇರೆ ದಾರಿಯಿರುವುದಿಲ್ಲ, ಅದು ಕ್ಷಮೆಯನ್ನು ಕಸಿದುಕೊಂಡಂತಾಗುತ್ತದೆ. ನಾಲ್ಕು ದಿನ ಮೊದಲೇ ಬಸ್ಸು ಹತ್ತಿ ಹೋಗಿ, ಅವನೊಬ್ಬನನ್ನೇ ಕರೆದುಕೊಂಡು ನಾಲೆಯ ಏರಿಯ ಮೇಲೆ ಸ್ವಲ್ಪ ದೂರ ನಡೆಯಿರಿ. ‘ಆವತ್ತೇ ಲೆಕ್ಕ ತಪ್ಪಿದ್ದು ನಂಗೆ ಗೊತ್ತಾಗಿತ್ತು ಕಣೋ, ಹೇಳ್ಲಿಲ್ಲ’ ಎಂಬಷ್ಟೇ ಸಾಕು. ನಿಮ್ಮ ಒಳ್ಳೆಯ ಉದ್ದೇಶದ ವಿವರಣೆಯನ್ನು ಅದಕ್ಕೆ ಬಾಲವಾಗಿ ಸೇರಿಸಬೇಡಿ.

ಮಳೆಗಾಲದ ವಾಸ ಮುಗಿದಾಗ ಭಿಕ್ಷುಗಳು ‘ಪವಾರಣೆ’ಯಲ್ಲಿ ಒಬ್ಬರ ಮುಂದೊಬ್ಬರು ಕುಳಿತು, ತಮ್ಮಲ್ಲಿ ಕಂಡ, ಕೇಳಿದ, ಶಂಕಿಸಿದ ತಪ್ಪು ಏನಿದ್ದರೂ ಹೇಳಿ ಎಂದು ತಾವಾಗಿಯೇ ಕೇಳಿಕೊಳ್ಳುತ್ತಾರೆ. ನೀವೂ ಹಾಗೆ ಕೇಳಿ. ಬಹುಶಃ ಅವನಿಗೆ ಇದು ಮೊದಲೇ ಗೊತ್ತಿರಬಹುದು. ಬ್ಯಾಂಕಿನಲ್ಲಿ ಕುಳಿತವನ ಕಣ್ಣಿಗೆ ಬಡ್ಡಿ ಬೀಳದೆ ಹೋಯಿತೆಂದು ಮಂಡ್ಯದ ರೈತ ನಂಬುವನೆಂದು ನನಗನ್ನಿಸುವುದಿಲ್ಲ. ಅವನು ಸಿಟ್ಟಾಗಬಹುದು, ಈ ವರ್ಷ ಹಬ್ಬಕ್ಕೆ ಬರಬೇಡ ಎಂದೂ ಹೇಳಬಹುದು. ಹಾಗೆಂದರೆ ಹೋಗಬೇಡಿ, ಮುಂದಿನ ವಾರ ಫೋನ್ ಮಾಡಿ.

ಅವನ ಸಾಲ ಇನ್ನೂ ತೀರಿಲ್ಲ ಎಂದು ಬರೆದಿದ್ದೀರಿ. ಅದೇ ಸುತ್ತವು ನಿಜವಾದ ಗೆಳೆಯರಲ್ಲಿ ಉಪಕಾರಿಯನ್ನೂ ಹಿತ ಹೇಳುವವನನ್ನೂ ಎಣಿಸುತ್ತದೆ, ಮತ್ತು ಸಾಲದ ಕಾಗದ ಓದುವುದು ನಿಮ್ಮ ದಿನದ ಕೆಲಸ. ಹೋಗುವಾಗ ಒಂದು ಖಾಲಿ ನೋಟ್‌ಬುಕ್ ಜೊತೆಗಿರಲಿ; ಅವನು ಒಪ್ಪಿದರೆ ಆ ಲೆಕ್ಕವನ್ನು ಮೊದಲಿನಿಂದ ಇಬ್ಬರೂ ಕೂತು ಬರೆಯಿರಿ, ಈ ಸಲ ಕೂಲಿ ಮತ್ತು ಬಡ್ಡಿಯನ್ನು ಬಿಡದೆ.