ಹೈದರಾಬಾದಿನಿಂದ ಡಲ್ಲಾಸ್‌ಗೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು?

ರಾಯಚೂರಿನಲ್ಲಿರುವ ತಾಯಿಯವರನ್ನು ಒಬ್ಬರನ್ನೇ ಡಲ್ಲಾಸ್‌ನ ಅಕ್ಕನ ಮನೆಗೆ ಕಳುಹಿಸಬೇಕು, ಹೈದರಾಬಾದಿನಿಂದ ಎಷ್ಟು ದೂರ, ಎಷ್ಟು ಗಂಟೆ ಎಂದು ಕೇಳಿದ್ದೀರಿ. ನಾನೂ ರಾಯಚೂರಿನವನೇ. ನಮ್ಮ ಅವ್ವ ದುಬೈ ಮೇಲಿಂದ ಎರಡು ಸಲ ಅಲ್ಲಿಗೆ ಹೋಗಿ ಬಂದಿದ್ದಾಳೆ.

ನೆಟ್ಟಗೆ ಅಳೆದರೆ ಸುಮಾರು 14,400 ಕಿ.ಮೀ. ಗ್ಲೋಬಿನ ಮೇಲೆ ಎರಡೂ ಊರುಗಳ ನಡುವೆ ದಾರ ಬಿಗಿದು ನೋಡಿ, ಅದು ಉತ್ತರ ಧ್ರುವದ ಪಕ್ಕದಲ್ಲೇ ಹಾಯುತ್ತದೆ. ಆದರೆ ನೇರ ವಿಮಾನವಿಲ್ಲ. ದುಬೈವರೆಗೆ 2,550, ಅಲ್ಲಿಂದ ಡಲ್ಲಾಸ್‌ಗೆ 12,900, ಒಟ್ಟು ಸುಮಾರು 15,450 ಕಿ.ಮೀ. ಸುತ್ತು ಎನಿಸಿದರೂ ಹೆಚ್ಚಾಗುವುದು ಸಾವಿರ ಕಿಲೋಮೀಟರ್ ಮಾತ್ರ. ಮೊದಲ ಹಾರಾಟಕ್ಕೆ ನಾಲ್ಕು ಗಂಟೆ, ಎರಡನೆಯದಕ್ಕೆ ಹದಿನಾರು. ಮರಳುವಾಗ ಪಶ್ಚಿಮದಿಂದ ಬೀಸುವ ಮೇಲುಗಾಳಿ ಬೆನ್ನಿಗಿರುತ್ತದೆ, ಹಾಗಾಗಿ ಡಲ್ಲಾಸ್‌ನಿಂದ ದುಬೈಗೆ ಒಂದು ಗಂಟೆಗೂ ಹೆಚ್ಚು ಉಳಿಯುತ್ತದೆ.

ಟಿಕೆಟ್ ಓದುವಾಗ ಎಚ್ಚರವಿರಲಿ. ಅದರಲ್ಲಿ ಅಚ್ಚಾಗುವುದು ಆಯಾ ಊರಿನ ಸಮಯ. ದುಬೈ ಬಿಡುವುದು ಮಧ್ಯಾಹ್ನ 2.30, ಡಲ್ಲಾಸ್ ಸೇರುವುದು ಅದೇ ದಿನ ರಾತ್ರಿ 9.30 ಎಂದಿದ್ದರೆ ಏಳೇ ಗಂಟೆಯ ಪ್ರಯಾಣ ಎಂದುಕೊಳ್ಳಬೇಡಿ. ಬೇಸಿಗೆಯಲ್ಲಿ ಡಲ್ಲಾಸ್ ದುಬೈಗಿಂತ ಒಂಬತ್ತು ಗಂಟೆ ಹಿಂದಿರುತ್ತದೆ, ಚಳಿಗಾಲದಲ್ಲಿ ಹತ್ತು. ಏಳಕ್ಕೆ ಒಂಬತ್ತು ಕೂಡಿಸಿದರೆ ಹದಿನಾರು.

ಆದರೆ ನಿಮ್ಮ ತಾಯಿಯವರಿಗೆ ಈ ಲೆಕ್ಕಕ್ಕಿಂತ ನಡುವಿನ ಬಿಡುವು ಮುಖ್ಯ. ಮೊದಲ ಸಲ ನಾನು ಒಂದೂವರೆ ಗಂಟೆ ಬಿಡುವಿನ ಟಿಕೆಟ್ ಕೊಂಡಿದ್ದೆ, ಒಟ್ಟು ಸಮಯ ಕಡಿಮೆ ಎಂಬ ಆಸೆಗೆ. ಮೊಣಕಾಲು ನೋವಿನ ಅವ್ವ ನೀರು ಕುಡಿಯಲೂ ನಿಲ್ಲದೆ ನಡೆದು, ಬಾಗಿಲು ಮುಚ್ಚುವ ಹೊತ್ತಿಗೆ ವಿಮಾನ ಹತ್ತಿದಳು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಎರಡನೇ ಸಲ ನಾಲ್ಕು ಗಂಟೆ ಬಿಡುವು ಇಟ್ಟು, ಟಿಕೆಟ್ ಕೊಳ್ಳುವಾಗಲೇ ವೀಲ್‌ಚೇರ್ ಕೇಳಿದೆ. ಅದಕ್ಕೆ ಹಣ ಕೊಡಬೇಕಾಗಿಲ್ಲ. ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿರಲಿ, ಆಗ ಪೆಟ್ಟಿಗೆ ನೇರವಾಗಿ ಡಲ್ಲಾಸ್‌ಗೇ ಹೋಗುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಪುಡಿಯನ್ನು ಆ ಪೆಟ್ಟಿಗೆಗೇ ಹಾಕಿ. ಅಮೆರಿಕಕ್ಕೆ ಹೋಗುವವರ ಕೈಚೀಲದಲ್ಲಿ 350 ಮಿಲಿಲೀಟರ್‌ಗಿಂತ ಹೆಚ್ಚು ಪುಡಿ ಕಂಡರೆ ತಡೆದು ತಪಾಸಣೆ ಮಾಡುತ್ತಾರೆ.

ಇನ್ನು ಮನೆಯಿಂದ ಮನೆಗೆ ಎಣಿಸಿ. ಕೃಷ್ಣಾ ಸೇತುವೆ ದಾಟಿ ಮಕ್ತಲ್, ಮಹಬೂಬನಗರ, ಜಡ್ಚರ್ಲಾ ಮೇಲೆ ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಸುಮಾರು ನಾಲ್ಕು ಗಂಟೆ. ನಿಲ್ದಾಣ ಹೈದರಾಬಾದಿನ ಈಚೆ ಬದಿಗಿರುವುದರಿಂದ ನಗರದೊಳಕ್ಕೆ ಹೋಗುವ ಪ್ರಮೇಯವಿಲ್ಲ. ವಿಮಾನಕ್ಕೆ ಮೂರು ಗಂಟೆ ಮೊದಲೇ ಅಲ್ಲಿರಬೇಕು. ಡಲ್ಲಾಸ್‌ನಲ್ಲಿ ಇಳಿದು ಹೊರಬರಲು ಎರಡು ಗಂಟೆ ಹಿಡಿಯಿರಿ. ನಾಲ್ಕು ಗಂಟೆಯ ಬಿಡುವೂ ಸೇರಿ ಮೂವತ್ತಮೂರು ಗಂಟೆಯಾಗುತ್ತದೆ.

ತಾಯಿಯವರು ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳುವವರಾದರೆ ಗಡಿಯಾರದ ವಿಷಯವನ್ನು ಮೊದಲೇ ಹೇಳಿಡಿ. ಅವ್ವ ತನ್ನ ಕೈಗಡಿಯಾರವನ್ನು ತಿರುಗಿಸಲೇ ಇಲ್ಲ. ರಾಯಚೂರಿನ ರಾತ್ರಿ ಒಂಬತ್ತಕ್ಕೆ, ಕಿಟಕಿಯಾಚೆ ಬಿಸಿಲಿದ್ದರೂ, ಬಿ.ಪಿ. ಮಾತ್ರೆ ನುಂಗಿದ್ದಳು. ದಾರಿಯುದ್ದಕ್ಕೂ ಹಾಗೇ ಮಾಡಲಿ ಎಂದು ನಮ್ಮ ವೈದ್ಯರೇ ಹೇಳಿದ್ದರು. ನಿಮ್ಮ ವೈದ್ಯರನ್ನೂ ಒಂದು ಮಾತು ಕೇಳಿ.