ಪ್ರಶ್ನೋತ್ತರ: ಕಿರಾಣಿ ಅಂಗಡಿಯ ಮಾತ್ರೆಗಳು

ಪ್ರಶ್ನೆ: ನಮ್ಮೂರಿನ ಕಿರಾಣಿ ಅಂಗಡಿಗಳಲ್ಲಿ ಜ್ವರ, ಮೈಕೈ ನೋವು, ಭೇದಿಗೆ ಮಾತ್ರೆಗಳು ಬಿಡಿಯಾಗಿ ಸಿಗುತ್ತವೆ. ಆಶಾ ಕಾರ್ಯಕರ್ತೆಯರಿಗೂ ಸ್ವಸಹಾಯ ಸಂಘದವರಿಗೂ ಈ ಬಗ್ಗೆ ತರಬೇತಿ ಕೊಡಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡುವುದು?
— ಓದುಗರೊಬ್ಬರು, ಕೊಪ್ಪಳ ಜಿಲ್ಲೆ

ಉತ್ತರ: ಮೊದಲು ಕಾನೂನು, ಎರಡೇ ಮಾತಿನಲ್ಲಿ. 1945ರ ಔಷಧ ನಿಯಮಗಳ ‘ಕೆ’ ಅನುಸೂಚಿಯಂತೆ, ಜನಸಂಖ್ಯೆ 1,000 ದಾಟದ ಹಳ್ಳಿಯಲ್ಲಿ ಪ್ಯಾರಾಸಿಟಮಾಲ್, ಹೊಟ್ಟೆಯುರಿಯ ಆಂಟಾಸಿಡ್, ನೋವಿನ ಮುಲಾಮಿನಂಥ ಕೆಲವನ್ನು ಲೈಸೆನ್ಸ್ ಇಲ್ಲದೆಯೂ ಮಾರಬಹುದು. ಅದೂ ಕಂಪನಿಯ ಪ್ಯಾಕ್ ಒಡೆಯದೆ. ಆಂಟಿಬಯಾಟಿಕ್‌ಗೆ ಆ ವಿನಾಯಿತಿ ಇಲ್ಲ.

ಔಷಧಗಳ ಹೆಸರನ್ನು ಬಾಯಿಪಾಠ ಮಾಡಿಸಬೇಡಿ, ವಾರದಲ್ಲಿ ಮರೆತುಹೋಗುತ್ತದೆ. ಖಾಲಿ ಸ್ಟ್ರಿಪ್, ಬಾಟಲಿ, ಪೊಟ್ಟಣಗಳನ್ನು ಚಾಪೆಯ ಮೇಲೆ ಹರಡಿ, ಕೈಗೆ ಕೊಟ್ಟು ಓದಿಸಿ. ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆಯಿದ್ದರೆ ವೈದ್ಯರ ಚೀಟಿ ಬೇಕು. ಎಕ್ಸ್‌ಪೈರಿ ‘08/2027’ ಎಂದಿದ್ದರೆ ಆಗಸ್ಟ್ 31ರವರೆಗೆ ಬಳಸಬಹುದು. ಆದರೆ ತಾರೀಖು, ಬ್ಯಾಚ್ ಸಂಖ್ಯೆ ಎಷ್ಟೋ ಸ್ಟ್ರಿಪ್‌ಗಳ ಒಂದು ತುದಿಯಲ್ಲಷ್ಟೇ ಇರುತ್ತವೆ. ಆ ತುದಿಯನ್ನೇ ಮೊದಲು ಕತ್ತರಿಸಿ ಕೊಟ್ಟರೆ ಉಳಿದ ಮಾತ್ರೆಗಳ ವಯಸ್ಸು ದೇವರಿಗೇ ಗೊತ್ತು.

ಹೆಚ್ಚು ಹೊತ್ತು ಸಿರಪ್‌ಗೆ ಕೊಡಿ, ದೊಡ್ಡ ತಪ್ಪುಗಳು ಆಗುವುದು ಇಲ್ಲೇ. ಮಕ್ಕಳ ಪ್ಯಾರಾಸಿಟಮಾಲ್ ಸಿರಪ್‌ನಲ್ಲಿ 5 ಮಿ.ಲೀ.ಗೆ 120 ಮಿ.ಗ್ರಾಂ. ಇರುವುದೂ ಉಂಟು, 250 ಇರುವುದೂ ಉಂಟು. ಡ್ರಾಪ್ಸ್‌ನಲ್ಲಾದರೆ 1 ಮಿ.ಲೀ.ಗೇ 100 ಮಿ.ಗ್ರಾಂ. ‘ಹೋದ ಸಲ ಒಂದು ಚಮಚ ಕುಡಿಸಿದ್ದೆ’ ಎಂದು ಡ್ರಾಪ್ಸ್ ಅನ್ನೂ 5 ಮಿ.ಲೀ. ಕುಡಿಸಿದರೆ 500 ಮಿ.ಗ್ರಾಂ., ದೊಡ್ಡವರ ಒಂದಿಡೀ ಮಾತ್ರೆ! 10 ಕೆ.ಜಿ. ತೂಕದ ಮಗುವಿಗೆ ಒಂದು ಸಲಕ್ಕೆ ಬೇಕಾದದ್ದು 100ರಿಂದ 150 ಮಾತ್ರ. ಅಳೆಯಲು ಆ ಪ್ಯಾಕಿನ ಜೊತೆ ಬಂದ ಮುಚ್ಚಳವನ್ನೋ ಡ್ರಾಪರನ್ನೋ ಬಳಸಬೇಕು, ಅಡುಗೆಮನೆಯ ಚಮಚ ಬೇಡ.

ಭೇದಿಯಾದಾಗ ಕುಡಿಸುವ ಓಆರ್‌ಎಸ್ ಅನ್ನು ಎಲ್ಲರಿಂದಲೂ ಕಲಸಿಸಿ. 20.5 ಗ್ರಾಂ ಪೊಟ್ಟಣ ಪೂರ್ತಿ 1 ಲೀಟರ್ ನೀರಿಗೆ. ಅದನ್ನು ಲೋಟಕ್ಕೆ ಸುರಿದರೆ ಉಪ್ಪು ವಿಪರೀತವಾಗಿ ಮಗುವಿಗೆ ಅಪಾಯ. 200 ಮಿ.ಲೀ. ನೀರಿಗೆ ಕಲಸುವ ಚಿಕ್ಕ ಪೊಟ್ಟಣವೂ ಇದೆ, ಓದಿಯೇ ಕಲಸಬೇಕು. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಬೇಕು.

ಅಂಗಡಿಗೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ತರಬೇತಿ ಪಡೆದವರಲ್ಲಿ ಇಬ್ಬರೇ ಹೋಗಲಿ. ತಪಾಸಣೆಯ ಧಾಟಿ ಬಂತೋ, ಮರುದಿನ ಮಾತ್ರೆಗಳು ಗಲ್ಲಾಪೆಟ್ಟಿಗೆಯ ಹಿಂದೆ ಸೇರುತ್ತವೆ, ವ್ಯಾಪಾರವೇನೂ ನಿಲ್ಲುವುದಿಲ್ಲ. ತಗಡಿನ ಚಾವಣಿಯ ಕಾವು, ಬಿಸಿಲು ತಾಗದ ಕಡೆ, ಇಲಿಪಾಷಾಣದಿಂದ ದೂರ ಮಾತ್ರೆ ಇಡಿ ಎಂದರೆ ಯಾರೂ ಬೇಡವೆನ್ನುವುದಿಲ್ಲ. ಮಾತು ಅಲ್ಲಿಂದ ಶುರುವಾಗಲಿ; ಕೆಂಪು ಗೆರೆಯ ವಿಷಯ ಎರಡನೇ ಭೇಟಿಗಿರಲಿ.

ಪ್ರಶ್ನೆ: ಮಾತ್ರೆ ನುಂಗಿದ ಮೇಲೆ ಮೈಮೇಲೆ ದದ್ದು ಎದ್ದರೆ?

ಉತ್ತರ: ಮುಖ, ತುಟಿ ಊದಿದರೆ ಅಥವಾ ಉಸಿರಾಟ ಕಷ್ಟವಾದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಬರೀ ದದ್ದಾದರೆ ಮುಂದಿನ ಮಾತ್ರೆ ನುಂಗದೆ, ಸ್ಟ್ರಿಪ್ ಸಮೇತ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಔಷಧದ ದುಷ್ಪರಿಣಾಮ ದಾಖಲಿಸಲು 1800-180-3024 ಎಂಬ ಉಚಿತ ಸಹಾಯವಾಣಿ ಇದೆ. ಬ್ಯಾಚ್ ಸಂಖ್ಯೆ ಕೇಳುತ್ತಾರೆ, ಸ್ಟ್ರಿಪ್ ಎಸೆಯಬೇಡಿ.