ಸಂಪಾದಕರ ಉತ್ತರ: ಬಸ್ಸು ಹೋಯಿತು, ಅವಳ ಗತಿ ಏನು?

ಪ್ರಿಯ ಟೀಚರ್,

ನಿಮ್ಮ ಕಾಗದ ಓದಿ ತುಂಬ ಖುಷಿಯಾಯಿತು. ಸಿನಿಮಾ ಮುಗಿದು ಕುರ್ಚಿ ಜೋಡಿಸಿಟ್ಟು ಗ್ರಂಥಾಲಯದ ಬಾಗಿಲಿಗೆ ಬೀಗ ಹಾಕಿದ ಮೇಲೂ ಜನ ಅಂಗಳದಲ್ಲಿ ನಿಂತು ಜಗಳ ಆಡಿದರು ಅಂತ ಬರೆದಿದ್ದೀರಿ. ಅಂಥ ಸಿನಿಮಾ ತೋರಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪ್ರಶ್ನೆ ನೇರವಾಗಿದೆ, ಉತ್ತರವೂ ನೇರವಾಗಿ ಇರಬೇಕು. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಉಳಿದ ಓದುಗರಿಗಾಗಿ ಎರಡು ಮಾತು. ಟೀಚರ್ ಮತ್ತು ಗೆಳೆಯರು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ತಮ್ಮ ಊರಿನ ಗ್ರಂಥಾಲಯದಲ್ಲಿ 'ನನ್‌ಪಕಲ್ ನೇರತ್ತ್ ಮಯಕ್ಕಂ' ಎಂಬ ಮಲಯಾಳಂ ಸಿನಿಮಾ ತೋರಿಸಿದರು. ಲಿಜೋ ಜೋಸ್ ಪೆಲ್ಲಿಶ್ಶೇರಿ ಅವರ ನಿರ್ದೇಶನ, ಎಸ್. ಹರೀಶ್ ಅವರ ಬರವಣಿಗೆ, ಮಮ್ಮೂಟ್ಟಿ ನಾಯಕ. 2022ರ ಡಿಸೆಂಬರಿನಲ್ಲಿ ತಿರುವನಂತಪುರದ ಚಿತ್ರೋತ್ಸವದಲ್ಲಿ ಮೊದಲು ಕಂಡಿತು, 2023ರ ಜನವರಿಯಲ್ಲಿ ಥಿಯೇಟರಿಗೆ ಬಂತು. ಆ ಸಾಲಿನ ಕೇರಳ ರಾಜ್ಯ ಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಟ ಎರಡೂ ಇದಕ್ಕೇ ಸಿಕ್ಕಿದವು. ಸಿನಿಮಾ ನೋಡದವರು ಇಲ್ಲಿಗೆ ನಿಲ್ಲಿಸಿ, ನೋಡಿ ಬಂದು ಮುಂದೆ ಓದಿ. ಕತೆಯನ್ನು ಕೊನೆಯವರೆಗೂ ಹೇಳುತ್ತಿದ್ದೇನೆ.

ಕತೆ ಇಷ್ಟೇ. ಕೇರಳದ ಒಂದು ಗುಂಪು ತಮಿಳುನಾಡಿನ ವೇಳಾಂಕಣ್ಣಿ ಚರ್ಚಿಗೆ ಯಾತ್ರೆ ಹೋಗಿ ನಾಟಕ ತಂಡದ ಬಸ್ಸಿನಲ್ಲಿ ವಾಪಸ್ ಬರುತ್ತಿದೆ. ಮಧ್ಯಾಹ್ನ, ಊಟ ಆಗಿದೆ, ಎಲ್ಲರಿಗೂ ನಿದ್ದೆ. ತಮಿಳುನಾಡಿನ ಹೊಲಗಳ ನಡುವೆ ಜೇಮ್ಸ್ ಎಂಬಾತ ಎದ್ದು ಬಸ್ಸು ನಿಲ್ಲಿಸಲು ಹೇಳುತ್ತಾನೆ, ಇಳಿಯುತ್ತಾನೆ, ಸೀದಾ ಒಂದು ಹಳ್ಳಿಗೆ ನಡೆದು ಹೋಗುತ್ತಾನೆ. ತಂತಿ ಮೇಲೆ ಒಣಗುತ್ತಿದ್ದ ಲುಂಗಿ ಎಳೆದು ಉಟ್ಟು, ದನಕ್ಕೆ ಹುಲ್ಲು ಹಾಕಿ, ತಮಿಳಿನಲ್ಲಿ ಮಾತಾಡುತ್ತ ಒಂದು ಮನೆಯ ಒಳಗೆ ಹೋಗಿ ಯಜಮಾನನ ಹಾಗೆ ಕೂತುಬಿಡುತ್ತಾನೆ. ಅದು ಎರಡು ವರ್ಷದ ಹಿಂದೆ ಕಾಣೆಯಾದ ಸುಂದರಂನ ಮನೆ. ಇವನು ಈಗ ಸುಂದರಂ. ಮರುದಿನ ಮಧ್ಯಾಹ್ನ ಮತ್ತೊಂದು ನಿದ್ದೆ. ಎದ್ದಾಗ ಅವನು ಪುನಃ ಜೇಮ್ಸ್. ತನ್ನವರನ್ನು ಕೂಡಿಕೊಂಡು ಬಸ್ಸು ಹತ್ತುತ್ತಾನೆ, ಬಸ್ಸು ಹೊರಡುತ್ತದೆ. ಸಿನಿಮಾ ಮುಗಿಯಿತು.

ಆಮೇಲೆ ಅಂಗಳದಲ್ಲಿ ನಾಲ್ಕು ಪಕ್ಷ ಆದವು ಅಂತ ಟೀಚರ್ ಬರೆದಿದ್ದಾರೆ. ಬ್ಯಾಂಕಿನಲ್ಲಿರುವ ಒಬ್ಬರು ಇದು ಪೂರ್ತಿ ಜೇಮ್ಸ್ ಕಂಡ ಕನಸು ಅಂದರು. ಒಬ್ಬ ಅಜ್ಜಿ ಸುಂದರಂ ಸತ್ತಿದ್ದಾನೆ, ಅವನೇ ಮೈಮೇಲೆ ಬಂದದ್ದು ಅಂದರು. ಒಬ್ಬ ಮಾಷ್ಟ್ರು ಇದೊಂದು ಮನೋರೋಗ, ಮರುದಿನ ತಾನಾಗಿ ಇಳಿಯಿತು ಅಂದರು. ಇನ್ನೊಬ್ಬರು ಬಸ್ಸೇ ನಾಟಕ ತಂಡದ್ದಲ್ವಾ, ನಾವು ನೋಡಿದ್ದು ಅವರ ನಾಟಕವನ್ನೇ ಅಂದರು. ಕಾಲೇಜಿಗೆ ಹೋಗುವ ಹುಡುಗನೊಬ್ಬ ಮಾತ್ರ 'ಸುಮ್ನೆ ಯಾಕೆ ಜಗಳ, ನಿರ್ದೇಶಕರು ಎಲ್ಲೋ ಹೇಳಿರುತ್ತಾರೆ, ಹುಡುಕಿದರಾಯ್ತು' ಅಂದನಂತೆ. ಇದರಲ್ಲಿ ಸರಿ ಯಾವುದು, ಸರಿ ಅನ್ನುವುದೇ ಇಲ್ಲ ಅಂತಾದರೆ ಅಂಥ ಸಿನಿಮಾ ನೋಡುಗರಿಗೆ ಮಾಡುವ ಮೋಸ ಅಲ್ವಾ ಎಂಬುದು ಟೀಚರ್ ಪ್ರಶ್ನೆ.

ಹುಡುಗನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅವನ ಮಾತು ನನಗೆ ಸ್ವಲ್ಪವೂ ಒಪ್ಪಿಗೆ ಇಲ್ಲ. ನಿರ್ದೇಶಕರನ್ನು ಕೇಳಿ ಜಗಳ ಮುಗಿಸಬಹುದು ಅಂತ ನಂಬಿದರೆ ನಿರಾಸೆಯೇ ಜಾಸ್ತಿ. 'ಬ್ಲೇಡ್ ರನ್ನರ್' 1982ರಲ್ಲಿ ಬಂತು. ಅದರ ನಾಯಕ ಮನುಷ್ಯನೋ ಕೃತಕ ಮನುಷ್ಯನೋ ಎಂಬುದು ಇವತ್ತಿಗೂ ಚರ್ಚೆ. ಕೃತಕ ಅಂದರು ನಿರ್ದೇಶಕ ರಿಡ್ಲಿ ಸ್ಕಾಟ್. ಆ ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್ ತಾನು ಮನುಷ್ಯ ಅಂತ ಬಹಳ ಕಾಲ ವಾದಿಸಿದರು. ಒಂದೇ ಸೆಟ್ಟಿನಲ್ಲಿ ಕೆಲಸ ಮಾಡಿದವರಿಗೇ ಒಮ್ಮತ ಇಲ್ಲ! ಇನ್ನು 2010ರ 'ಇನ್ಸೆಪ್ಷನ್'. ಅದರ ಕೊನೆಯಲ್ಲಿ ಮೇಜಿನ ಮೇಲೆ ಬುಗುರಿ ತಿರುಗುತ್ತಾ ಇರುತ್ತದೆ, ಬೀಳುತ್ತದೋ ಇಲ್ಲವೋ ಎಂದು ಕಾಣುವ ಮೊದಲೇ ಪರದೆ ಕತ್ತಲಾಗುತ್ತದೆ. ಬಿದ್ದರೆ ನಿಜ, ಬೀಳದಿದ್ದರೆ ಕನಸು. 2015ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪದವಿ ಸಮಾರಂಭದಲ್ಲಿ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಈ ಬಗ್ಗೆ ಮಾತಾಡಿದರು. ಬಿತ್ತೋ ಇಲ್ಲವೋ ಅಂತ ಹೇಳಲಿಲ್ಲ. ಆ ಹೊತ್ತಿಗೆ ನಾಯಕ ಬುಗುರಿ ಬಿಟ್ಟು ಮಕ್ಕಳ ಕಡೆ ಹೋಗಿಯಾಗಿದೆ, ಅವನಿಗೇ ಅದು ಬೇಕಾಗಿಲ್ಲ ಎಂಬ ಅರ್ಥದಲ್ಲಿ ಹೇಳಿದರು. ನನಗೆ ಆ ಮಾತು ತುಂಬ ಹಿಡಿಸಿತು. ನಾವೆಲ್ಲ ಬುಗುರಿ ನೋಡುತ್ತಿದ್ದೆವು, ನೋಡಬೇಕಾದದ್ದು ಅಪ್ಪನ ಮುಖವನ್ನು.

ಹಾಗಂತ ಯಾರು ಏನು ಹೇಳಿದರೂ ಸರಿ ಅಂತ ನಾನು ಹೇಳುವುದಿಲ್ಲ. ಈ ವಿಷಯ ನಮ್ಮ ಕಡೆಯವರಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕು. ತಾಳಮದ್ದಳೆ ಕೇಳಿ ಬೆಳೆದ ಊರು ನಮ್ಮದು. ಅದರಲ್ಲಿ ವೇಷ, ಕುಣಿತ ಇಲ್ಲ, ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಪಾತ್ರವಾಗಿ ಕೂತು ಅದರ ಅರ್ಥವನ್ನು ಮಾತಿನಲ್ಲಿ ಬೆಳೆಸುತ್ತಾರೆ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳನ್ನೇ ತೆಗೆದುಕೊಳ್ಳಿ. ಭಾಗವತರು ಹೇಳುವ ಪದ್ಯ ಬದಲಾಗುವುದಿಲ್ಲ. ವಾಲಿಗೆ ಬಾಣ ಬಿದ್ದೇ ಬೀಳುತ್ತದೆ, ರಾಮ ಮರೆಯಲ್ಲಿ ನಿಂತೇ ಹೊಡೆದಿರುತ್ತಾನೆ. ಆದರೆ ಬಿದ್ದ ವಾಲಿ ಕೇಳುವ ಪ್ರಶ್ನೆಗೆ ಒಂದು ಕೂಟದಲ್ಲಿ ರಾಮನ ಉತ್ತರ ಸಾಕೆನಿಸುತ್ತದೆ, ಇನ್ನೊಂದು ಕೂಟದಲ್ಲಿ ಸಾಲುವುದೇ ಇಲ್ಲ, ಬೆಳಿಗ್ಗೆ ಮನೆಗೆ ಹೋಗುವಾಗ ವಾಲಿಯ ಪಕ್ಷ ಹಿಡಿದೇ ಹೋಗುತ್ತೇವೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ನಿಮ್ಮ ಸಭೆಯಲ್ಲೇ ಇರಬಹುದು, ಅವರನ್ನು ಕೇಳಿ ನೋಡಿ. ಅರ್ಥಧಾರಿಗೆ ಎಷ್ಟು ಸ್ವಾತಂತ್ರ್ಯ ಇದ್ದರೂ ಪದ್ಯ ಬಿಟ್ಟು ಹೋಗುವಂತಿಲ್ಲ. ವಾಲಿ ಸಾಯಲೇ ಇಲ್ಲ ಅಂತ ಯಾವ ಅರ್ಥಧಾರಿಯೂ ಹೇಳಲಾರ. ಸಿನಿಮಾದಲ್ಲಿ ನಾವು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಪದ್ಯ. ಅಂಗಳದಲ್ಲಿ ನೀವು ಆಡಿದ್ದು ಅರ್ಥ. ಪದ್ಯಕ್ಕೆ ಹೊಂದದ ಅರ್ಥ ಎಷ್ಟು ಚಂದ ಇದ್ದರೂ ಬಿಡಬೇಕು.

ಈ ಅಳತೆ ಹಿಡಿದು ನಾಲ್ಕೂ ಪಕ್ಷ ನೋಡೋಣ.

ಮನೋರೋಗ ಅನ್ನುವವರಿಗೆ ಒಂದೇ ಪ್ರಶ್ನೆ. ಆ ಹಳ್ಳಿಗೆ ಕಾಲಿಡದವನಿಗೆ ಓಣಿ ಹೇಗೆ ಗೊತ್ತು, ಮನೆ ಹೇಗೆ ಗೊತ್ತು, ಊರವರ ಗುರುತು ಹೇಗೆ ಹತ್ತಿತು? ಕಾಯಿಲೆ ಮನುಷ್ಯನನ್ನು ಬೇರೆಯವನಾಗಿ ಮಾಡಬಹುದು, ನೋಡದ ಊರಿನ ದಾರಿ ಹೇಳಿಕೊಡುವುದಿಲ್ಲ. ಈ ಪಕ್ಷ ಬೇಗ ಸೋಲುತ್ತದೆ.

ಅಜ್ಜಿಯ ಮಾತಿಗೆ ನನಗೆ ಗೌರವ ಹೆಚ್ಚು. ತೆಯ್ಯಂ, ಕೋಲ ನೋಡುವ ನಾಡಿನಲ್ಲಿ ಒಬ್ಬ ಮನುಷ್ಯನ ಬಾಯಲ್ಲಿ ಇನ್ನೊಬ್ಬರು ಮಾತಾಡುವುದು ಹೊಸ ವಿಷಯ ಅಲ್ಲ. ಸಿನಿಮಾ ಕೂಡ ಅವರಿಗೆ ಒಂದು ದೊಡ್ಡ ಆಧಾರ ಕೊಟ್ಟಿದೆ. ಶುರುವಿನಲ್ಲೇ ವಸತಿಗೃಹದ ದೃಶ್ಯದಲ್ಲಿ ತಿರುಕ್ಕುರಳಿನ ಒಂದು ಮಾತು ಬರುತ್ತದೆ: ಸಾವು ನಿದ್ದೆಯ ಹಾಗೆ, ಹುಟ್ಟು ನಿದ್ದೆಯಿಂದ ಎದ್ದ ಹಾಗೆ. ಆಮೇಲಿನ ಎರಡು ಮಧ್ಯಾಹ್ನದ ನಿದ್ದೆಗೂ ಅದೇ ಬೀಜ. ಆದರೆ ಅಜ್ಜಿಯನ್ನು ಒಂದು ಕೇಳಬೇಕು. ನಮ್ಮಲ್ಲಿ ದೈವ ಬರಬೇಕಾದರೆ ಕರೆಯುವವರು ಬೇಕು, ಚೆಂಡೆ ಬೇಕು, ಬೆನ್ನಿಗೆ ಕಟ್ಟುವ ಅಣಿ ಬೇಕು, ಬಂದ ದೈವ ಒಂದು ಮಾತು ಹೇಳಿ ಹೋಗುತ್ತದೆ. ಇಲ್ಲಿ ಕರೆದವರಿಲ್ಲ. ಬಂದವನು ತಾನು ಎಲ್ಲಿ ಹೋಗಿದ್ದೆ, ಏನಾಯಿತು ಅಂತ ಒಂದು ಮಾತೂ ಹೇಳುವುದಿಲ್ಲ. ನಿನ್ನೆ ಮನೆಯಿಂದ ಹೊರಟವನು ಇವತ್ತು ಬಂದ ಹಾಗೆ ಹಾಲು ಕೊಡಲು ಹೊರಡುತ್ತಾನೆ. ಅಷ್ಟೇ ಅಲ್ಲ, ಸುಂದರಂ ಸತ್ತ ಅಂತ ಸಿನಿಮಾ ಹೇಳಿಯೇ ಇಲ್ಲ. ಕಾಣೆಯಾಗಿದ್ದಾನೆ, ಅಷ್ಟೇ. ನಮ್ಮ ಮನಸ್ಸು ಅವನನ್ನು ಸಾಯಿಸಿತು.

ನಾಟಕ ಅನ್ನುವವರ ಆಧಾರವೂ ಸಣ್ಣದಲ್ಲ. ಕ್ಯಾಮೆರಾ ಹೆಚ್ಚಿನ ಕಡೆ ಅಲ್ಲಾಡುವುದೇ ಇಲ್ಲ, ದೂರದಲ್ಲಿ ನಿಂತು ರಂಗದ ಹಾಗೆ ಇಡೀ ಜಾಗ ತೋರಿಸುತ್ತದೆ. ಹಿಂದಿನಿಂದ ಹಳೇ ತಮಿಳು ಸಿನಿಮಾಗಳ ಹಾಡು, ಸಂಭಾಷಣೆ ಕೇಳುತ್ತಲೇ ಇರುತ್ತವೆ, ಯಾರದ್ದೋ ಮಾತು ಯಾರದ್ದೋ ಬದುಕಿಗೆ ಹೊಂದಿಕೊಳ್ಳುತ್ತದೆ. ಈ ಓದು ನನಗೆ ಇಷ್ಟ. ಆದರೆ ನಾಟಕ ಅಂತ ಒಪ್ಪಿದ ಮೇಲೂ ನಾಟಕದ ಒಳಗಿನ ಜೇಮ್ಸ್‌ಗೆ ಏನಾಯಿತು ಎಂಬ ಪ್ರಶ್ನೆ ಹಾಗೇ ಇರುತ್ತದೆ, ಅಲ್ವಾ?

ಇನ್ನು ಕನಸು. ನಿಮ್ಮ ಸಭೆಯಲ್ಲಿ ಗೆದ್ದದ್ದು ಇದೇ ಪಕ್ಷ ಅಂತ ಬರೆದಿದ್ದೀರಿ. ಗೆಲ್ಲುವುದು ಸುಲಭ, ಯಾಕೆಂದರೆ ಕನಸು ಅಂದ ಕೂಡಲೇ ಯಾವುದಕ್ಕೂ ಕಾರಣ ಕೊಡಬೇಕಾಗಿಲ್ಲ. ತಮಿಳು ಹೇಗೆ ಬಂತು? ಕನಸಲ್ವಾ. ದಾರಿ ಹೇಗೆ ಗೊತ್ತಾಯಿತು? ಕನಸಲ್ವಾ. ಎಲ್ಲಕ್ಕೂ ಉತ್ತರ ಕೊಡುವ ಅರ್ಥದ ಮೇಲೆ ನನಗೆ ನಂಬಿಕೆ ಕಡಿಮೆ. ಜೇಮ್ಸ್ ಇಲ್ಲದ ಎಷ್ಟು ದೃಶ್ಯ ಇದೆ ನೋಡಿ. ಅವನ ಹೆಂಡತಿ ಊಟ ಬಿಟ್ಟು ಕಾಯುತ್ತಾಳೆ. ಬಸ್ಸಿನವರು ಅವನನ್ನು ಹೇಗೆ ಕರೆದುಕೊಂಡು ಹೋಗುವುದು ಅಂತ ಗುಟ್ಟಾಗಿ ಮಾತಾಡುತ್ತಾರೆ. ಊರವರು ಗೊತ್ತಿಲ್ಲದ ಈ ಜನಕ್ಕೆ ಜಾಗ ಕೊಡುತ್ತಾರೆ. ಕಾಣುವವನೇ ಇಲ್ಲದ ಕಡೆ ಇಷ್ಟೆಲ್ಲ ನಡೆಯುತ್ತದೆಯಾ? ನಡೆಯಬಹುದು ಅಂತ ಬ್ಯಾಂಕಿನವರು ಹಟ ಹಿಡಿದರೆ ತಾರ್ಕಿಕವಾಗಿ ನಾನು ಅವರನ್ನು ಸೋಲಿಸಲಾರೆ. ಆದರೆ ನನ್ನ ನಿಜವಾದ ತಕರಾರು ತರ್ಕದ್ದಲ್ಲ. ಅದನ್ನು ಹೇಳುವುದಕ್ಕೇ ಇಷ್ಟು ಬರೆದೆ.

ಸುಂದರಂನ ಹೆಂಡತಿ. ರಮ್ಯಾ ಪಾಂಡಿಯನ್ ಮಾಡಿದ ಪಾತ್ರ. ಟೀಚರ್, ನಿಮ್ಮ ಕಾಗದವನ್ನು ನಾನು ಎರಡು ಸಲ ಓದಿದೆ. ನಾಲ್ಕೂ ಪಕ್ಷದವರು ಜೇಮ್ಸ್‌ನ ಬಗ್ಗೆಯೇ ಮಾತಾಡಿದ್ದಾರೆ. ಅವಳ ಸುದ್ದಿಯೇ ಇಲ್ಲ. ಎರಡು ವರ್ಷ ಗಂಡ ಬರಲಿಲ್ಲ. ಒಂದು ಮಧ್ಯಾಹ್ನ ಯಾರೋ ಒಬ್ಬ ಬಂದು ಗಂಡನ ಮಾತು, ಗಂಡನ ನಡಿಗೆ, ಗಂಡನ ಅಭ್ಯಾಸ ತೋರಿಸುತ್ತಾನೆ, ಮುಖ ಮಾತ್ರ ಬೇರೆ. ಹತ್ತಿರ ಹೋಗುವ ಹಾಗಿಲ್ಲ, ಹೊರಗೆ ಅವನ ಹೆಂಡತಿ ಮಗ ಕೂತಿದ್ದಾರೆ. ಓಡಿಸುವ ಹಾಗೂ ಇಲ್ಲ. ಮರುದಿನ ಅವನೂ ಹೋದ. ಒಬ್ಬನೇ ಗಂಡನನ್ನು ಅವಳು ಎರಡು ಸಲ ಕಳೆದುಕೊಂಡಳು. ಈ ಸಲ ಎಲ್ಲರ ಎದುರು. ಜೇಮ್ಸ್‌ಗೆ ಏನಾಯಿತು ಅಂತ ಸಿನಿಮಾ ಹೇಳುವುದಿಲ್ಲ, ಹೌದು. ಅವಳಿಗೆ ಏನಾಯಿತು ಎಂಬುದರಲ್ಲಿ ಒಂದು ಚೂರೂ ಗೊಂದಲ ಇಲ್ಲ. ನಾವು ಒಡೆಯಲಾಗದ ಒಗಟಿನ ಹಿಂದೆ ಬಿದ್ದು, ತೆರೆದೇ ಇಟ್ಟ ಬಾಗಿಲನ್ನು ನೋಡಲಿಲ್ಲ.

ಕನಸು ಅಂದರೆ ಅವಳೇ ಇಲ್ಲ ಅಂತಾಯಿತು. ಅವಳ ಎರಡು ವರ್ಷವೂ ಸುಳ್ಳು, ಮನೆಯಲ್ಲಿ ಟೀವಿ ಮುಂದೆ ಕೂತು, ಕಣ್ಣು ಕಾಣದೆ, ಬಂದವನ ಜೊತೆ ಮಗನ ಜೊತೆಗೆ ಮಾತಾಡಿದ ಹಾಗೇ ಮಾತಾಡುವ ಆ ಮುದುಕಿಯೂ ಸುಳ್ಳು. ಒಗಟು ಬಿಡಿಸಲು ಇಷ್ಟು ದೊಡ್ಡ ಬೆಲೆ ನಾನು ಕೊಡಲಾರೆ. ಅದಕ್ಕೇ ಕನಸಿನ ಅರ್ಥ ನನಗೆ ಬೇಡ.

ಮೋಸ ಅಲ್ವಾ ಅಂತ ಕೇಳಿದ್ದೀರಿ. ಮೋಸ ಮಾಡುವ ಸಿನಿಮಾಗಳಿವೆ, ಇಲ್ಲವೆನ್ನುವುದಿಲ್ಲ. ಕತೆ ಮುಗಿಸಲು ಗೊತ್ತಾಗದೆ ಕೊನೇ ಎರಡು ನಿಮಿಷದಲ್ಲಿ ಏನೋ ಒಂದು ಗೊಂದಲ ಹಾಕಿ ಎದ್ದು ಹೋಗುತ್ತವೆ. ಗುರುತಿಸುವುದು ಕಷ್ಟ ಅಲ್ಲ. ಅಂಥ ಸಿನಿಮಾದ ಬಗ್ಗೆ ಜಗಳ ಆಡುವಾಗ ಎಲ್ಲರೂ ಕೊನೇ ದೃಶ್ಯವನ್ನೇ ಹಿಡಿದು ಎಳೆದಾಡುತ್ತಾರೆ, ಹಿಂದಕ್ಕೆ ಹೋಗಲು ಏನೂ ಇರುವುದಿಲ್ಲ. ನಿಮ್ಮ ಅಂಗಳದಲ್ಲಿ ಹಾಗಾಗಲಿಲ್ಲ. ಒಬ್ಬರು ಬಸ್ಸಿಗೆ ಹೋದರು, ಒಬ್ಬರು ವೇಳಾಂಕಣ್ಣಿಗೆ ಹೋದರು, ಒಬ್ಬರು ಲುಂಗಿ ಎಳೆದ ದೃಶ್ಯಕ್ಕೆ ಹೋದರು. ಇಡೀ ಸಿನಿಮಾ ನಿಮ್ಮ ಕೈಯಲ್ಲಿತ್ತು. ಉತ್ತರ ಕೊಡದೆಯೂ ಈ ಸಿನಿಮಾ ಸಾಲ ಉಳಿಸಿಕೊಂಡಿಲ್ಲ.

ಒಂದು ವಿಷಯ ನಿಮ್ಮ ಸಭೆಯಲ್ಲಿ ಯಾರಾದರೂ ಹೇಳುತ್ತಾರೆ ಅಂತ ಕಾದಿದ್ದೆ. ಒಬ್ಬ ಮಲಯಾಳಿ ಇದ್ದಕ್ಕಿದ್ದಂತೆ ತಮಿಳು ಮಾತಾಡಿದ್ದು ಬೇರೆ ಊರಿನವರಿಗೆ ಪವಾಡ. ನಮಗೆ? ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ತಾಲೂಕು ಕಚೇರಿಯಲ್ಲಿ ಮಲಯಾಳಂ ಅಂತ, ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಬದುಕುತ್ತಿರುವ ಜನ ನಾವು. ಭಾಷೆ ಬದಲಾದದ್ದು ನನ್ನನ್ನು ಹೆದರಿಸಲಿಲ್ಲ. ಬದಲಾಯಿತು ಅಂತ ಅವನಿಗೆ ಗೊತ್ತೇ ಆಗಲಿಲ್ಲವಲ್ಲ, ಅದು ಹೆದರಿಸಿತು. ನಾವು ಕಚೇರಿಯ ಮೆಟ್ಟಿಲು ಹತ್ತುವಾಗ ಭಾಷೆ ಬದಲಿಸುತ್ತೇವೆ, ಬದಲಿಸಿದ್ದೇವೆ ಅಂತ ನೆನಪಿಟ್ಟುಕೊಳ್ಳುತ್ತೇವೆ, ಮನೆಗೆ ಬಂದು ಪುನಃ ನಮ್ಮ ಮಾತಿಗೆ ಬರುತ್ತೇವೆ. ಆ ನೆನಪು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಗಡಿಯವರಷ್ಟು ಚೆನ್ನಾಗಿ ಬೇರೆಯವರು ಬರೆಯಲಾರರು. ಆ ಹುಡುಗನಿಗೆ ಈ ಕೆಲಸ ಹಚ್ಚಿ. ನಿರ್ದೇಶಕರ ಸಂದರ್ಶನ ಹುಡುಕುವ ಬದಲು ಅವನು ಇದನ್ನು ಬರೆಯಲಿ.

ಪುನಃ ಒಮ್ಮೆ ತೋರಿಸುವ ಯೋಚನೆ ಇದೆ ಅಂದಿದ್ದೀರಿ. ತೋರಿಸಿ. ಆದರೆ ಈ ಸಲ ಸಿನಿಮಾ ಶುರುವಾಗುವ ಮೊದಲೇ ಎಲ್ಲರಿಗೂ ಒಂದು ಮಾತು ಹೇಳಿ: ಜೇಮ್ಸ್‌ನನ್ನು ಬಿಟ್ಟು ಆ ಹೆಂಗಸನ್ನೇ ನೋಡಿ, ಅವಳು ಎಲ್ಲಿ ನಿಂತಿದ್ದಾಳೆ, ಯಾವಾಗ ಮಾತಾಡುತ್ತಾಳೆ, ಯಾವಾಗ ಸುಮ್ಮನಾಗುತ್ತಾಳೆ ಅಂತ. ಅಜ್ಜಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮೊದಲ ಮಾತು ಅವರದ್ದೇ ಆಗಲಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಕಳಿಸಿ, ತಿದ್ದಬೇಡಿ. ಬ್ಯಾಂಕಿನವರಿಗೆ ನನ್ನ ಮೇಲೆ ಸಿಟ್ಟು ಬಂದಿದ್ದರೆ ಅವರ ಉತ್ತರವನ್ನೂ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡಕ್ಕೂ ಜಾಗ ಇಟ್ಟಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ